ಸ್ಕ್ರಿಪ್ಟ್ ಮಾತಾಡಬೇಕು, ಸಲ್ಲಿಸುವ ಮುನ್ನ ನಿಲ್ಲಬೇಕು

ಪ್ರಶ್ನೆ: ನಾನು ಪೂರ್ಣ ಅಂಧ. ಹಾವೇರಿ ಜಿಲ್ಲೆಯ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕನಾಗಿದ್ದೇನೆ. ತೆರೆಯ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುತ್ತೇನೆ. ಎಕ್ಸೆಲ್ ಪಟ್ಟಿಯಲ್ಲಿರುವ ಅರ್ಜಿದಾರರ ವಿವರಗಳನ್ನು ಒಂದೊಂದಾಗಿ ವೆಬ್ ಪೋರ್ಟಲ್‌ಗೆ ಏರಿಸುವುದು, ಒಂದೇ ಒಕ್ಕಣೆಯ ಕನ್ನಡ ಪತ್ರಗಳನ್ನು ಟೈಪ್ ಮಾಡುವುದು ದಿನದ ಕೆಲಸ. ಕಷ್ಟ ನೋಡಲಾರದೆ ಗೆಳೆಯನೊಬ್ಬ ಆಟೋಹಾಟ್‌ಕೀ ಎಂಬ ತಂತ್ರಾಂಶದಲ್ಲಿ, ಕೀಗಳನ್ನು ತಾನಾಗಿ ಒತ್ತುತ್ತಾ ಹೋಗುವ ಸ್ಕ್ರಿಪ್ಟ್ ಬರೆದುಕೊಟ್ಟ. ಅದು ಒಂದು ದಿನ ಚೆನ್ನಾಗಿ ಓಡುತ್ತದೆ, ಮರುದಿನ ಕೀ ಒತ್ತಿದರೆ ಏನೂ ಆಗುವುದಿಲ್ಲ. ಕನ್ನಡ ಅಕ್ಷರಗಳು ಕೆಲವೊಮ್ಮೆ ಎರಡೆರಡು ಬೀಳುತ್ತವೆ, ಕೆಲವೊಮ್ಮೆ ಬರೀ ಚಿಹ್ನೆಗಳು. ಕಳೆದ ವಾರ ಒಬ್ಬರ ವಿವರ ಇನ್ನೊಬ್ಬರ ಅರ್ಜಿಯೊಳಗೆ ಸೇರಿ, ಸಲ್ಲಿಕೆಯೂ ಆಗಿಹೋಯಿತು. ಸಹೋದ್ಯೋಗಿಯೊಬ್ಬರು ‘ಇದು ಹ್ಯಾಕಿಂಗ್, ನೌಕರಿಗೆ ಕುತ್ತು ಬರುತ್ತದೆ’ ಎನ್ನುತ್ತಾರೆ. ಇನ್ನೊಬ್ಬರು ‘ಜಾಸ್ ಎಂಬ ಇನ್ನೊಂದು ಸ್ಕ್ರೀನ್ ರೀಡರ್ ಕೊಂಡರೆ ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಸ್ಕ್ರಿಪ್ಟ್ ಬಿಟ್ಟುಬಿಡಲೇ? ಅಥವಾ ನಾನೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕೇ?

ಉತ್ತರ: ತಪ್ಪಾಗಿ ಸಲ್ಲಿಕೆಯಾದ ಅರ್ಜಿಯ ಮಾತು ಮೊದಲು. ಮೇಲಧಿಕಾರಿಗೆ ಇನ್ನೂ ತಿಳಿಸಿಲ್ಲವಾದರೆ ಇವತ್ತೇ ಬರಹದಲ್ಲಿ ತಿಳಿಸಿ, ತಿದ್ದುಪಡಿಗೆ ಕೋರಿ. ಅದು ಯಾರದೋ ಪಿಂಚಣಿಯೋ ಸಹಾಯಧನವೋ ಆಗಿರಬಹುದು, ತಡವಾದಷ್ಟೂ ಅವರಿಗೆ ಓಡಾಟ ಹೆಚ್ಚು. ಈಗಿರುವ ಸ್ಕ್ರಿಪ್ಟನ್ನು ಪೋರ್ಟಲ್ ಕೆಲಸಕ್ಕೆ ಸದ್ಯ ಬಳಸಬೇಡಿ. ಪತ್ರಗಳಿಗೆ ಬಳಸಿ, ಅಡ್ಡಿಯಿಲ್ಲ.

ಒಬ್ಬರ ವಿವರ ಇನ್ನೊಬ್ಬರಲ್ಲಿ ಸೇರಿದ್ದು ಹೇಗೆ? ಸ್ಕ್ರಿಪ್ಟ್ ನೋಡದೆಯೂ ಬಹುಮಟ್ಟಿಗೆ ಊಹಿಸಬಲ್ಲೆ, ಏಕೆಂದರೆ ತರಬೇತಿಗೆ ಬರುವವರು ತರುವ ಸ್ಕ್ರಿಪ್ಟ್‌ಗಳಲ್ಲಿ ಇದೇ ದೋಷ ಮತ್ತೆ ಮತ್ತೆ ಸಿಗುತ್ತದೆ. ‘ಟ್ಯಾಬ್ ಒತ್ತು, ಅರ್ಧ ಸೆಕೆಂಡ್ ಕಾಯಿ, ಅಂಟಿಸು, ಮತ್ತೆ ಟ್ಯಾಬ್ ಒತ್ತು’ ಎಂದು ಅದು ಕುರುಡಾಗಿ ಎಣಿಸಿಕೊಂಡು ಹೋಗುತ್ತದೆ. ಸರ್ವರ್ ನಿಧಾನವಾದ ದಿನ ಅರ್ಧ ಸೆಕೆಂಡ್ ಸಾಲುವುದಿಲ್ಲ. ಪುಟ ಇನ್ನೂ ಹಿಂದಿನ ಅರ್ಜಿಯಲ್ಲೇ ನಿಂತಿರುವಾಗ ಮುಂದಿನವರ ಹೆಸರು ಅಲ್ಲಿ ಬಿದ್ದಿರುತ್ತದೆ. ನಡುವೆ ‘ಸೆಷನ್ ಮುಗಿಯುತ್ತಿದೆ’ ಎಂಬ ಸಣ್ಣ ಕಿಟಕಿ ಬಂದರೂ ಎಣಿಕೆ ತಪ್ಪುತ್ತದೆ. ಜಿಲ್ಲೆ ಆರಿಸಿದ ಮೇಲಷ್ಟೇ ತೆರೆದುಕೊಳ್ಳುವ ತಾಲ್ಲೂಕು ಪಟ್ಟಿ ಒಂದಿದ್ದರಂತೂ ದಿನಕ್ಕೊಂದು ಬಗೆಯಲ್ಲಿ ತಪ್ಪುತ್ತದೆ.

ಕಣ್ಣಿರುವವರು ಇಂಥ ಸ್ಕ್ರಿಪ್ಟ್ ಓಡಿಸುವಾಗ ತೆರೆ ನೋಡುತ್ತಿರುತ್ತಾರೆ. ಹೆಸರಿನ ಜಾಗದಲ್ಲಿ ಫೋನ್ ನಂಬರ್ ಬಿದ್ದ ಕೂಡಲೇ ತಡೆಯುತ್ತಾರೆ. ನಿಮ್ಮ ಗೆಳೆಯ ಒಳ್ಳೆಯ ಮನಸ್ಸಿನಿಂದಲೇ ಬರೆದುಕೊಟ್ಟಿದ್ದಾರೆ, ಆದರೆ ಅವರು ಬರೆದಿದ್ದು ನೋಡುವವರ ಸ್ಕ್ರಿಪ್ಟ್. ಕೇಳುವವರ ಸ್ಕ್ರಿಪ್ಟ್ ಬೇರೆಯೇ ರೀತಿಯಲ್ಲಿ ಇರಬೇಕು. ಮಾಡಿದ್ದನ್ನು ಅದು ಬಾಯಿಬಿಟ್ಟು ಹೇಳಬೇಕು. ಸರಿಯಾದ ಜಾಗದಲ್ಲಿದ್ದೇನೆಯೇ ಎಂದು ತಾನೇ ಪರೀಕ್ಷಿಸಿಕೊಳ್ಳಬೇಕು, ಅನುಮಾನ ಬಂದರೆ ನಿಲ್ಲಬೇಕು. ಸಲ್ಲಿಕೆಯ ಗುಂಡಿಯನ್ನು ಅದು ಯಾವತ್ತೂ ಒತ್ತಬಾರದು, ಒತ್ತುವುದು ನಿಮ್ಮ ಬೆರಳೇ ಆಗಿರಬೇಕು. ಈ ಕೊನೆಯದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಇನ್ನು ‘ಒಂದು ದಿನ ಓಡುತ್ತದೆ, ಮರುದಿನ ಇಲ್ಲ’ ಎಂಬ ಕಾಟ. ಇದಕ್ಕೂ ಕಾರಣವಿದೆ. ಕೀಬೋರ್ಡಿನಲ್ಲಿ ಒತ್ತಿದ್ದು ವರ್ಡ್‌ಗೋ ಬ್ರೌಸರ್‌ಗೋ ತಲುಪುವ ಮೊದಲೇ ನಡುವೆ ಕೂತು ಕೇಳಿಸಿಕೊಳ್ಳುವ ಅವಕಾಶವನ್ನು ವಿಂಡೋಸ್ ಕೆಲವು ತಂತ್ರಾಂಶಗಳಿಗೆ ಕೊಡುತ್ತದೆ. ಇದಕ್ಕೆ ಕೀಬೋರ್ಡ್ ಹುಕ್ ಎನ್ನುತ್ತಾರೆ. ಎನ್‌ವಿಡಿಎ ಹೀಗೆ ಕೂತಿರುತ್ತದೆ. ಆಟೋಹಾಟ್‌ಕೀಯೂ ಅನೇಕ ಸಲ ಹೀಗೆಯೇ ಕೂರುತ್ತದೆ, ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲೂ ಕೆಲವು ಹಾಗೆಯೇ. ಸರದಿ ಮಾತ್ರ ತಿರುವುಮುರುವು: ಬಸ್ಸಿಗೆ ಕೊನೆಗೆ ಹತ್ತಿದವರು ಬಾಗಿಲ ಬಳಿ ನಿಂತು ಮೊದಲು ಇಳಿದ ಹಾಗೆ, ಕೊನೆಗೆ ಶುರುವಾದ ತಂತ್ರಾಂಶಕ್ಕೆ ಕೀ ಮೊದಲು ಸಿಗುತ್ತದೆ. ಅದು ನುಂಗಿದರೆ ಉಳಿದವರಿಗೆ ಸಿಗುವುದೇ ಇಲ್ಲ. ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಯಾವುದು ಮೊದಲು ಎದ್ದಿತು ಎನ್ನುವುದರ ಮೇಲೆ ನಿಮ್ಮ ಇಡೀ ದಿನ ನಿಂತಿದೆ. ಸ್ಕ್ರಿಪ್ಟ್ ಓಡುತ್ತಿರುವಾಗಲೇ ಕಂಟ್ರೋಲ್+ಆಲ್ಟ್+ಎನ್ ಒತ್ತಿ ಎನ್‌ವಿಡಿಎಯನ್ನು ಮತ್ತೆ ಶುರುಮಾಡಿ ನೋಡಿ. ವರ್ತನೆ ಬದಲಾದರೆ ರೋಗ ಇದೇ. ಹಾಗಿದ್ದರೆ ಎನ್‌ವಿಡಿಎ ಪೂರ್ತಿ ಎದ್ದ ಮೇಲೆ ಸ್ಕ್ರಿಪ್ಟನ್ನು ಕೈಯಾರೆ ಶುರುಮಾಡುವುದನ್ನು ರೂಢಿಸಿಕೊಳ್ಳಿ, ವಿಂಡೋಸ್ ಜೊತೆಗೇ ಏಳುವಂತೆ ಇಡಬೇಡಿ.

ಇನ್ನೊಂದು ಸಾಧ್ಯತೆಯನ್ನೂ ನೋಡಿ. ಪೋರ್ಟಲ್‌ಗೆ ಬೇಕಾದ ಯಾವುದಾದರೂ ತಂತ್ರಾಂಶ ‘ಅಡ್ಮಿನಿಸ್ಟ್ರೇಟರ್’ ಆಗಿ ಓಡುತ್ತಿದ್ದರೆ, ಸಾಮಾನ್ಯವಾಗಿ ಓಡುವ ಸ್ಕ್ರಿಪ್ಟ್ ಅದರೊಳಕ್ಕೆ ಕೀ ಕಳಿಸದಂತೆ ವಿಂಡೋಸ್ ತಡೆಯುತ್ತದೆ. ಇನ್‌ಸ್ಟಾಲ್ ಮಾಡಿದ ಎನ್‌ವಿಡಿಎಗೆ ಆ ತಡೆಯಿಂದ ವಿನಾಯಿತಿ ಇದೆ. ಹೀಗಾಗಿ ಎನ್‌ವಿಡಿಎ ಮಾತಾಡುತ್ತಲೇ ಇರುತ್ತದೆ, ಸ್ಕ್ರಿಪ್ಟ್ ಮಾತ್ರ ಸತ್ತಂತೆ ಇರುತ್ತದೆ.

ಕನ್ನಡ ಅಕ್ಷರ ಎರಡೆರಡು ಬೀಳುವುದಕ್ಕೆ ಮದ್ದು ಬಹುಶಃ ಎನ್‌ವಿಡಿಎಯ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲೇ ಇದೆ. ಅಲ್ಲಿ ‘ಹ್ಯಾಂಡಲ್ ಕೀಸ್ ಫ್ರಂ ಅದರ್ ಅಪ್ಲಿಕೇಷನ್ಸ್’ ಎಂಬ ಚೆಕ್‌ಬಾಕ್ಸ್ ಸಿಗುತ್ತದೆ, ಅಂದರೆ ಬೇರೆ ತಂತ್ರಾಂಶಗಳು ಸೃಷ್ಟಿಸಿದ ಕೀಗಳನ್ನೂ ಎನ್‌ವಿಡಿಎ ಗಮನಿಸಬೇಕೇ ಎಂಬ ಆಯ್ಕೆ. ಮೊದಲಿನಿಂದ ಅದು ಆನ್ ಇರುತ್ತದೆ. ವಿಯೆಟ್ನಾಮಿ ಭಾಷೆಯನ್ನು ಯೂನಿಕೀ ಎಂಬ ತಂತ್ರಾಂಶದಿಂದ ಟೈಪ್ ಮಾಡುವವರಿಗೆ ಅಕ್ಷರಗಳು ತಪ್ಪಾಗಿ ಬೀಳುತ್ತವೆ, ಅಂಥವರು ಇದನ್ನು ಆಫ್ ಮಾಡಿಕೊಳ್ಳಬಹುದು ಎಂದು ಎನ್‌ವಿಡಿಎಯ ಕೈಪಿಡಿಯೇ ಹೇಳುತ್ತದೆ. ಕನ್ನಡದಲ್ಲೂ ಒತ್ತಿದ ಕೀಯನ್ನು ನಡುವೆ ಹಿಡಿದು ಬೇರೆ ಅಕ್ಷರವಾಗಿಸುವ ತಂತ್ರಾಂಶ ನಿಮ್ಮದಾಗಿದ್ದರೆ ಇದೇ ಪರೀಕ್ಷೆ ಮಾಡಿ. ಆಫ್ ಮಾಡಿದರೆ ಒಂದು ನಷ್ಟವಿದೆ: ಎನ್‌ವಿಡಿಎಯ ಆಜ್ಞೆಗಳನ್ನು ಸ್ಕ್ರಿಪ್ಟ್ ಮೂಲಕ ಒತ್ತಿಸಲು ಆಗುವುದಿಲ್ಲ.

ನನ್ನನ್ನು ಕೇಳಿದರೆ ಹುಕ್ ಬಳಸುವ ಟೈಪಿಂಗ್ ತಂತ್ರಾಂಶವನ್ನೇ ಬಿಡುವುದು ಒಳ್ಳೆಯದು. ವಿಂಡೋಸ್‌ನಲ್ಲೇ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ಇದೆ. 2019ರಿಂದ ವಿಂಡೋಸ್ 10ರಲ್ಲಿ ಕನ್ನಡ ಫೊನೆಟಿಕ್ ಕೀಬೋರ್ಡ್ ಕೂಡ ಬಂದಿದೆ. ವಿಂಡೋಸ್+ಸ್ಪೇಸ್ ಒತ್ತಿ ಬದಲಾಯಿಸಬಹುದು. ಕೈಗೆ ಹೊಸ ವಿನ್ಯಾಸ ಹತ್ತಲು ಸ್ವಲ್ಪ ದಿನ ಬೇಕು, ಆದರೆ ಎನ್‌ವಿಡಿಎ ಜೊತೆಗಿನ ಜಗಳ ಕಡಿಮೆಯಾಗುತ್ತದೆ.

‘ಬರೀ ಚಿಹ್ನೆ’ ಬೀಳುವುದಕ್ಕೆ ಕಾರಣ ಬೇರೆ. ಆಟೋಹಾಟ್‌ಕೀಯ ಎರಡನೇ ಆವೃತ್ತಿ 2022ರ ಡಿಸೆಂಬರ್‌ನಲ್ಲಿ ಬಂತು. ಅದು ಸ್ಕ್ರಿಪ್ಟ್ ಕಡತವನ್ನು ಯುಟಿಎಫ್-8 ಎಂದೇ, ಅಂದರೆ ಯೂನಿಕೋಡ್ ಅಕ್ಷರಗಳನ್ನು ಕಡತದಲ್ಲಿ ಉಳಿಸುವ ಒಂದು ಪದ್ಧತಿಯಲ್ಲೇ ಇದೆ ಎಂದು ಓದುತ್ತದೆ. ಮೊದಲನೇ ಆವೃತ್ತಿ ಹಾಗಲ್ಲ, ನೋಟ್‌ಪ್ಯಾಡ್‌ನಲ್ಲಿ ಉಳಿಸುವಾಗ ಎನ್‌ಕೋಡಿಂಗ್ ಪಟ್ಟಿಯಿಂದ ‘ಯುಟಿಎಫ್-8 ವಿತ್ ಬಾಮ್’ ಆರಿಸದಿದ್ದರೆ ಕನ್ನಡವೆಲ್ಲ ಚಿಂದಿಯಾಗುತ್ತದೆ. ಎರಡರ ವ್ಯಾಕರಣವೂ ಬೇರೆ, ಇಂಟರ್‌ನೆಟ್‌ನಲ್ಲಿ ಸಿಗುವ ಹಳೆಯ ಉದಾಹರಣೆಗಳು ಹೊಸದರಲ್ಲಿ ಓಡುವುದಿಲ್ಲ. ಇನ್ನು ನಿಮ್ಮ ಕಚೇರಿಯಲ್ಲಿ ಹಳೆಯ ನುಡಿ ಆಸ್ಕಿ ಕಡತಗಳು ಇದ್ದೇ ಇರುತ್ತವೆ. ಅವುಗಳಲ್ಲಿ ಕನ್ನಡದಂತೆ ಕಾಣುವುದು ಫಾಂಟಿನ ವೇಷ ಮಾತ್ರ, ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಅದಕ್ಕೇ ಎನ್‌ವಿಡಿಎ ಅಲ್ಲಿ ಅರ್ಥವಿಲ್ಲದ್ದನ್ನು ಓದುತ್ತದೆ. ಅದು ನಿಮ್ಮ ಸ್ಕ್ರಿಪ್ಟಿನ ತಪ್ಪಲ್ಲ. ಅಂಥ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಂಡ ಮೇಲೆಯೇ ಅವುಗಳಿಂದ ಒಕ್ಕಣೆ ಎತ್ತಿಕೊಳ್ಳಿ.

ಈಗ ಜಾಸ್. 1995ರಲ್ಲಿ ವಿಂಡೋಸ್‌ಗೆ ಬಂದ ಈ ಸ್ಕ್ರೀನ್ ರೀಡರ್‌ಗೆ ತನ್ನದೇ ಸ್ಕ್ರಿಪ್ಟ್ ಭಾಷೆ ಇದೆ. ಇನ್ಸರ್ಟ್+ಸೊನ್ನೆ ಒತ್ತಿದರೆ ಆಗ ತೆರೆದಿರುವ ತಂತ್ರಾಂಶದ ಸ್ಕ್ರಿಪ್ಟೇ ತೆರೆದುಕೊಳ್ಳುತ್ತದೆ. ಎನ್‌ವಿಡಿಎ ಬಾಯಿಬಿಡದ ಹಳೆಯ, ಕಂಪನಿಗೆಂದೇ ಬರೆಸಿದ ತಂತ್ರಾಂಶಗಳಲ್ಲಿ ಜಾಸ್ ಕೆಲಸಕ್ಕೆ ಬಂದದ್ದನ್ನು ನಾನು ಕಂಡಿದ್ದೇನೆ. ಆದರೆ ನಿಮ್ಮ ಕೆಲಸ ಎಕ್ಸೆಲ್, ವರ್ಡ್ ಮತ್ತು ಬ್ರೌಸರ್. ಈ ಮೂರರಲ್ಲೂ ಎನ್‌ವಿಡಿಎ ಗಟ್ಟಿ. ಕುರುಡಾಗಿ ಟ್ಯಾಬ್ ಎಣಿಸುವ ಸ್ಕ್ರಿಪ್ಟ್ ಜಾಸ್ ಇದ್ದರೂ ಅದೇ ತಪ್ಪು ಮಾಡುತ್ತದೆ. ಕಚೇರಿ ಕೊಡಿಸಿದರೆ ಬೇಡವೆನ್ನಬೇಡಿ, ಈ ತೊಂದರೆಗಾಗಿ ಕೈಯಿಂದ ದುಡ್ಡು ಹಾಕಬೇಡಿ.

ಹಾಗಾದರೆ ಏನು ಮಾಡುವುದು? ಬಹಳಷ್ಟು ಕೆಲಸಕ್ಕೆ ಸ್ಕ್ರಿಪ್ಟೇ ಬೇಕಾಗಿಲ್ಲ, ಇರುವ ಸೌಲಭ್ಯದಲ್ಲೇ ಆಗುತ್ತದೆ. ಎಕ್ಸೆಲ್‌ನಲ್ಲಿ ಶೀರ್ಷಿಕೆ ಸಾಲಿನ ಮೊದಲ ಸೆಲ್‌ನಲ್ಲಿ ನಿಂತು ಎನ್‌ವಿಡಿಎ+ಶಿಫ್ಟ್+ಸಿ ಒತ್ತಿ (ಎನ್‌ವಿಡಿಎ ಕೀ ಎಂದರೆ ಇನ್ಸರ್ಟ್, ಅಥವಾ ನೀವು ಹಾಗೆ ಆರಿಸಿಕೊಂಡಿದ್ದರೆ ಕ್ಯಾಪ್ಸ್ ಲಾಕ್). ಆಮೇಲೆ ಎಡಬಲಕ್ಕೆ ಸರಿದಾಗಲೆಲ್ಲ ‘ತಂದೆಯ ಹೆಸರು’, ‘ಖಾತೆ ಸಂಖ್ಯೆ’ ಎಂದು ಕಾಲಮ್ಮಿನ ಹೆಸರು ಕೇಳಿಸುತ್ತದೆ. ಇದನ್ನು ತಿಳಿಯದೆ ವರ್ಷಗಟ್ಟಲೆ ಕಾಲಮ್ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡವರು ಎಷ್ಟೋ ಮಂದಿ. ಟಾಸ್ಕ್‌ಬಾರ್‌ಗೆ ಎಕ್ಸೆಲ್, ಬ್ರೌಸರ್, ವರ್ಡ್ ಇವನ್ನು ಇದೇ ಕ್ರಮದಲ್ಲಿ ಪಿನ್ ಮಾಡಿಕೊಂಡರೆ ವಿಂಡೋಸ್+1, 2, 3 ಒತ್ತಿ ನೇರವಾಗಿ ಹೋಗಬಹುದು, ಆಲ್ಟ್+ಟ್ಯಾಬ್ ಸುತ್ತಾಟ ಬೇಡ. ವರ್ಡ್‌ನಲ್ಲಿ ಮತ್ತೆ ಮತ್ತೆ ಬಳಸುವ ಆಜ್ಞೆಗಳನ್ನು ಕ್ವಿಕ್ ಆಕ್ಸೆಸ್ ಟೂಲ್‌ಬಾರ್‌ಗೆ ಸೇರಿಸಿದರೆ ಆಲ್ಟ್+1, ಆಲ್ಟ್+2 ಎಂದು ಸಿಗುತ್ತವೆ. ಪತ್ರದ ಒಕ್ಕಣೆಗೆ ಆಟೋಕರೆಕ್ಟ್ ಸಾಕು: ‘ಮೇವಿಸಂ’ ಎಂದು ಬರೆದು ಸ್ಪೇಸ್ ಒತ್ತಿದರೆ ‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಬಿಡಿಸಿಕೊಳ್ಳುವ ಹಾಗೆ ಮಾಡಿಕೊಳ್ಳಿ. ಚಿಕ್ಕ ರೂಪ ಯಾವ ನಿಜ ಪದವೂ ಆಗಿರಬಾರದು, ಇಲ್ಲವಾದರೆ ಬೇಡದ ಕಡೆ ಬಿಡಿಸಿಕೊಂಡದ್ದು ನಿಮ್ಮ ಗಮನಕ್ಕೇ ಬರುವುದಿಲ್ಲ.

ಎನ್‌ವಿಡಿಎಯ ಪ್ರಿಫರೆನ್ಸಸ್ ಮೆನುವಿನಲ್ಲಿರುವ ‘ಇನ್‌ಪುಟ್ ಜೆಸ್ಚರ್ಸ್’ ಕಿಟಕಿಯನ್ನೂ ಒಮ್ಮೆ ಪೂರ್ತಿ ಓದಿ. ಎನ್‌ವಿಡಿಎಯ ಯಾವ ಆಜ್ಞೆಗಾದರೂ ಅಲ್ಲಿ ಬೇರೆ ಕೀ ಕೊಡಬಹುದು, ಕೀ ಇಲ್ಲದ ಆಜ್ಞೆಗೂ ಕೊಡಬಹುದು. ನಿಮಗೆ ಅದರಲ್ಲಿ ಹೆಚ್ಚು ಉಪಯೋಗವಾಗುವುದು ಕಾನ್ಫಿಗರೇಷನ್ ಪ್ರೊಫೈಲ್‌ಗಳು, ಅಂದರೆ ಹೆಸರು ಕೊಟ್ಟು ಉಳಿಸಿಟ್ಟ ಸೆಟ್ಟಿಂಗ್‌ಗಳ ಕಟ್ಟುಗಳು. ಎನ್‌ವಿಡಿಎ ಜೊತೆಗೇ ಬರುವ ಇಸ್ಪೀಕ್ ಎಂಬ ಧ್ವನಿ ತಂತ್ರಾಂಶದ ಕನ್ನಡ ಧ್ವನಿ ಹಾಕಿದ ಒಂದು ಪ್ರೊಫೈಲ್, ಇಂಗ್ಲಿಷ್ ಧ್ವನಿಯ ಇನ್ನೊಂದು ಪ್ರೊಫೈಲ್ ಮಾಡಿ, ಎರಡಕ್ಕೂ ಒಂದೊಂದು ಕೀ ಕೊಡಿ. ವರ್ಡ್ ತೆರೆದಾಗ ಕನ್ನಡದ್ದು ತಾನಾಗಿ ಬರುವಂತೆಯೂ ಮಾಡಬಹುದು. ಧ್ವನಿ ಬದಲಾಯಿಸಲು ಮೆನುವಿಗೆ ಹೋಗಿ ಬರುವ ಸಮಯ ಉಳಿದರೆ ದಿನದ ಕೊನೆಗೆ ಎಷ್ಟು ಹಗುರವಾಗುತ್ತದೆ ಎಂದು ನೀವೇ ನೋಡುತ್ತೀರಿ.

ಗುಂಡಿಗೆ ಹೆಸರೇ ಇಲ್ಲದ, ಟ್ಯಾಬ್‌ಗೂ ಸಿಗದ ತಂತ್ರಾಂಶಗಳಿಗೆ ಗೋಲ್ಡನ್ ಕರ್ಸರ್ ಎಂಬ ಆಡ್‌ಆನ್ (ಎನ್‌ವಿಡಿಎಗೆ ಸೇರಿಸಿಕೊಳ್ಳುವ ಚಿಕ್ಕ ತಂತ್ರಾಂಶ) ಇದೆ. ಮೌಸಿನ ಜಾಗವನ್ನು ಹೆಸರು ಕೊಟ್ಟು ನೆನಪಿಟ್ಟುಕೊಂಡು ಮತ್ತೆ ಅಲ್ಲಿಗೇ ಒಯ್ಯುತ್ತದೆ. ಕಿಟಕಿಯ ಗಾತ್ರವೋ ತೆರೆಯ ರೆಸೊಲ್ಯೂಷನ್ನೋ ಬದಲಾದರೆ ಆ ಜಾಗ ಬೇರೆ ಯಾವುದೋ ಗುಂಡಿಯ ಮೇಲಿರುತ್ತದೆ. ಹಣ, ಅಳಿಸುವಿಕೆ, ಸಲ್ಲಿಕೆ ಇರುವ ಕಡೆ ಇದನ್ನು ಬಳಸಬೇಡಿ.

ಶಾರ್ಟ್‌ಕಟ್ ಆರಿಸುವಾಗಲೂ ಎಚ್ಚರ ಬೇಕು. ಇನ್ಸರ್ಟ್, ಕ್ಯಾಪ್ಸ್ ಲಾಕ್ ಎರಡೂ ಎನ್‌ವಿಡಿಎಗೆ ಬಿಟ್ಟಿದ್ದು. ಕಂಟ್ರೋಲ್+ಆಲ್ಟ್+ಬಾಣದ ಕೀಗಳು ಕೋಷ್ಟಕದಲ್ಲಿ ಓಡಾಡಲು ಬೇಕು. ಕೆಲವು ಹಳೆಯ ಕಂಪ್ಯೂಟರ್‌ಗಳಲ್ಲಿ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಇವೇ ಕೀಗಳನ್ನು ತೆರೆ ತಿರುಗಿಸಲು ಇಟ್ಟುಕೊಂಡಿರುತ್ತದೆ. ನೀವು ಕೋಷ್ಟಕ ಓದುತ್ತಿರುತ್ತೀರಿ, ಪಕ್ಕದವರು ಬಂದು ‘ನಿಮ್ಮ ತೆರೆ ತಲೆಕೆಳಗಾಗಿದೆ’ ಎನ್ನುತ್ತಾರೆ. ಆ ಡ್ರೈವರಿನ ಸೆಟ್ಟಿಂಗ್ಸ್‌ನಲ್ಲಿ ಹಾಟ್‌ಕೀಗಳನ್ನು ಆಫ್ ಮಾಡಿಸಿ. ಇಂಗ್ಲಿಷ್ (ಇಂಡಿಯಾ) ಕೀಬೋರ್ಡಿನಲ್ಲಿ ಕಂಟ್ರೋಲ್+ಆಲ್ಟ್+4 ಎಂದರೆ ರೂಪಾಯಿ ಚಿಹ್ನೆ, ಅದನ್ನೂ ಮುಟ್ಟಬೇಡಿ. ಕೀಗಾಗಿ ಹುಡುಕಾಡುವ ಬದಲು ನಾನು ಶಿಫಾರಸು ಮಾಡುವುದು ಎರಡು ಹಂತದ ವಿಧಾನ: ಒಂದೇ ಒಂದು ಕೀ ಒತ್ತಿದರೆ ಸಣ್ಣ ಸದ್ದು, ಆಮೇಲೆ ಒಂದು ಅಕ್ಷರ. ಜಾಸ್‌ನಲ್ಲಿ ಇನ್ಸರ್ಟ್+ಸ್ಪೇಸ್ ಒತ್ತಿ ಅಕ್ಷರ ಒತ್ತುವ ಪದ್ಧತಿ ಇದೆಯಲ್ಲ, ಅದೇ ರೀತಿ. ಹತ್ತು ಕೆಲಸಕ್ಕೆ ಹತ್ತು ಜಂಟಿ ಕೀಗಳನ್ನು ಆಕ್ರಮಿಸುವ ಅಗತ್ಯ ಬೀಳುವುದಿಲ್ಲ, ಘರ್ಷಣೆಯಾದರೂ ಒಂದೇ ಕಡೆ. ಯಾವ ಅಕ್ಷರಕ್ಕೆ ಯಾವ ಕೆಲಸ ಎಂದು ಓದಿ ಹೇಳುವ ಒಂದು ಅಕ್ಷರವನ್ನೂ ಸೇರಿಸಿಸಿ. ಎಲ್ಲವನ್ನೂ ತಕ್ಷಣ ನಿಲ್ಲಿಸುವ ಕೀ ಒಂದು ಬೇಕೇ ಬೇಕು.

ಈಗ ಪೋರ್ಟಲ್ ಕೆಲಸ. ಸ್ಕ್ರಿಪ್ಟಿಗೂ ಮೊದಲು ಪೋರ್ಟಲ್ ನಡೆಸುವವರನ್ನು ಒಂದು ಮಾತು ಕೇಳಿ: ಎಕ್ಸೆಲ್ ಕಡತವನ್ನೇ ಒಟ್ಟಾಗಿ ಏರಿಸುವ ಸೌಲಭ್ಯ ಇದೆಯೇ? ಹಲವು ಪೋರ್ಟಲ್‌ಗಳಲ್ಲಿ ಅದು ಇದ್ದೂ ಮೇಲಿನ ಹಂತದ ಲಾಗಿನ್‌ಗಷ್ಟೇ ತೆರೆದಿರುತ್ತದೆ. ಇದ್ದರೆ ಎಲ್ಲ ಸ್ಕ್ರಿಪ್ಟ್‌ಗಳಿಗಿಂತ ಅದೇ ಮೇಲು.

ಇಲ್ಲವೆಂದರೆ, ಎನ್‌ವಿಡಿಎಯ ಒಳಗೇ ಓಡುವ ಚಿಕ್ಕ ಪೈಥಾನ್ ಸ್ಕ್ರಿಪ್ಟ್ ನಿಮಗೆ ಸರಿಯಾದದ್ದು. ಆಟೋಹಾಟ್‌ಕೀಗೆ ಪುಟದೊಳಗೆ ಏನಿದೆ ಎಂದು ಸುಲಭವಾಗಿ ತಿಳಿಯುವುದಿಲ್ಲ. ಎನ್‌ವಿಡಿಎಗೆ ಗೊತ್ತಿರುತ್ತದೆ, ‘ಅರ್ಜಿದಾರರ ಹೆಸರು, ಎಡಿಟ್’ ಎಂದು ನಿಮಗೆ ಹೇಳುವುದೇ ಅದು. ಅದನ್ನೇ ಬಳಸಿಕೊಂಡು ನಾನು ಮಾಡಿಸುವ ವಿನ್ಯಾಸ ಹೀಗಿದೆ. ಎಕ್ಸೆಲ್‌ನಲ್ಲಿ ಒಬ್ಬರ ಇಡೀ ಸಾಲನ್ನು ಕಾಪಿ ಮಾಡುತ್ತೀರಿ, ಅದು ಕ್ಲಿಪ್‌ಬೋರ್ಡಿಗೆ ಟ್ಯಾಬ್‌ಗಳಿಂದ ಬೇರ್ಪಟ್ಟ ಪಠ್ಯವಾಗಿ ಬರುತ್ತದೆ. ಒಂದು ಕೀ ಒತ್ತಿದರೆ ಸ್ಕ್ರಿಪ್ಟ್ ಅದನ್ನು ಓದಿಕೊಂಡು ಅರ್ಜಿದಾರರ ಹೆಸರನ್ನೂ ಅರ್ಜಿ ಸಂಖ್ಯೆಯನ್ನೂ ಗಟ್ಟಿಯಾಗಿ ಹೇಳುತ್ತದೆ. ಪೋರ್ಟಲ್‌ನಲ್ಲಿ ಟ್ಯಾಬ್ ಒತ್ತಿ ಸಾಗುವವರು ನೀವೇ. ಪ್ರತಿ ಜಾಗದಲ್ಲೂ ಅದೇ ಒಂದು ತುಂಬುವ ಕೀ. ಸ್ಕ್ರಿಪ್ಟ್ ಆ ಜಾಗದ ಹೆಸರನ್ನು ನೋಡಿ, ಅದಕ್ಕೆ ಹೊಂದುವ ಕಾಲಮ್ಮಿನ ವಿವರವನ್ನು ಮಾತ್ರ ಅಂಟಿಸಿ, ಅಂಟಿಸಿದ್ದನ್ನು ಓದುತ್ತದೆ. ಹೆಸರು ಹೊಂದದಿದ್ದರೆ ‘ಈ ಜಾಗ ಗೊತ್ತಿಲ್ಲ’ ಎಂದು ಹೇಳಿ ಸುಮ್ಮನಾಗುತ್ತದೆ. ಸರ್ವರ್ ನಿಧಾನವಾದರೂ ನೀವು ಕಾಯುತ್ತೀರಿ, ಅದು ನಿಮ್ಮನ್ನು ಬಿಟ್ಟು ಮುಂದೆ ಓಡುವುದಿಲ್ಲ. ಗೆಳೆಯನ ಸ್ಕ್ರಿಪ್ಟಿನಷ್ಟು ವೇಗ ಇದರಲ್ಲಿ ಸಿಗುವುದಿಲ್ಲ. ಟೈಪ್ ಮಾಡುವ ಶ್ರಮ, ಅಕ್ಷರದ ತಪ್ಪುಗಳು ಇಲ್ಲವಾಗುತ್ತವೆ, ಟ್ಯಾಬ್ ಒತ್ತುವ ಕೆಲಸ ಮಾತ್ರ ಹಾಗೇ ಇರುತ್ತದೆ. ಆ ವೇಗವನ್ನು ಬಿಟ್ಟುಕೊಡಿ ಎಂದೇ ನನ್ನ ಒತ್ತಾಯ.

ಇದರ ಅಪಾಯಗಳೂ ಇವೆ. ಜಾಗಗಳಿಗೆ ಸರಿಯಾದ ಹೆಸರು ಕೊಡದ ಪೋರ್ಟಲ್‌ನಲ್ಲಿ ಈ ವಿನ್ಯಾಸ ನಡೆಯುವುದಿಲ್ಲ. ಹಾಗಿದ್ದರೆ ಎಲ್ಲೆಲ್ಲಿ ಬರೀ ‘ಎಡಿಟ್’ ಎಂದು ಕೇಳಿಸುತ್ತದೆಂದು ಪಟ್ಟಿ ಮಾಡಿ ಇಲಾಖೆಗೆ ಬರೆಯಿರಿ, ಅದು ಪೋರ್ಟಲ್ ಕಟ್ಟಿದವರು ತಿದ್ದಬೇಕಾದ ದೋಷ. ಎನ್‌ವಿಡಿಎಯ ಪ್ರತಿ ವರ್ಷದ ಮೊದಲ ಆವೃತ್ತಿಯಲ್ಲಿ ಒಳಗಿನ ವ್ಯವಸ್ಥೆ ಬದಲಾಗಿ ಹಳೆಯ ಆಡ್‌ಆನ್‌ಗಳು ನಿಲ್ಲಬಹುದು, ಆದ್ದರಿಂದ ತಿಂಗಳ ಕೊನೆಯ ಒತ್ತಡದಲ್ಲಿ ಅಪ್‌ಡೇಟ್ ಮಾಡಬೇಡಿ. ಆಡ್‌ಆನ್ ಎನ್ನುವುದು ಎನ್‌ವಿಡಿಎ ಏನೇನು ಮಾಡಬಲ್ಲದೋ ಅದೆಲ್ಲವನ್ನೂ ಮಾಡಬಲ್ಲದು, ನೀವು ಟೈಪ್ ಮಾಡುವುದನ್ನು ಕದಿಯಲೂಬಹುದು. ಗುರುತಿಲ್ಲದವರು ಕಳಿಸಿದ್ದನ್ನು ಹಾಕಿಕೊಳ್ಳಬೇಡಿ.

ಆಟೋಹಾಟ್‌ಕೀಯಲ್ಲೇ ಮುಂದುವರಿಯಬೇಕೆಂದರೆ ಗೆಳೆಯನಿಗೆ ಇಷ್ಟು ಹೇಳಿ: ಪ್ರತಿ ಹೆಜ್ಜೆಗೂ ಮೊದಲು ಕಿಟಕಿಯ ಶೀರ್ಷಿಕೆ ಪರೀಕ್ಷಿಸಲಿ, ಕನ್ನಡವನ್ನು ಅಕ್ಷರ ಅಕ್ಷರವಾಗಿ ಕಳಿಸದೆ ಕ್ಲಿಪ್‌ಬೋರ್ಡಿನಿಂದ ಅಂಟಿಸಲಿ, ಎನ್‌ವಿಡಿಎ ಮೂಲಕ ಮಾತಾಡಿಸಲಿ. ಇದಕ್ಕೆಂದೇ ಎನ್‌ವಿಡಿಎ ತಯಾರಿಸುವ ಎನ್‌ವಿ ಆಕ್ಸೆಸ್ ಸಂಸ್ಥೆ ‘ಕಂಟ್ರೋಲರ್ ಕ್ಲೈಂಟ್’ ಎಂಬ ಚಿಕ್ಕ ಕಡತವನ್ನು ಕೊಡುತ್ತದೆ. ಬೇರೆ ತಂತ್ರಾಂಶ ಅದರ ಮೂಲಕ ಎನ್‌ವಿಡಿಎಯ ಬಾಯಿಂದ ಏನನ್ನು ಬೇಕಾದರೂ ಹೇಳಿಸಬಹುದು.

‘ಹ್ಯಾಕಿಂಗ್’ ಎಂಬ ಮಾತು ನಿಜವಲ್ಲ. ನಿಮ್ಮ ಲಾಗಿನ್‌ನಲ್ಲಿ, ನಿಮಗೆ ಒಪ್ಪಿಸಿದ ಕೆಲಸವನ್ನು, ನೀವು ಒತ್ತುವ ಕೀಗಳನ್ನೇ ಒತ್ತಿ ಮಾಡುವುದು ಕಳ್ಳದಾರಿಯಲ್ಲ. ಆದರೆ ಆ ಸಹೋದ್ಯೋಗಿಯ ಭಯವನ್ನು ಪೂರ್ತಿ ತಳ್ಳಿಹಾಕಲೂ ಆಗದು. ಸ್ಕ್ರಿಪ್ಟಿನೊಳಗೆ ಪಾಸ್‌ವರ್ಡ್ ಬರೆದಿಟ್ಟಿದ್ದರೆ ಈಗಲೇ ತೆಗೆಸಿ, ಪಾಸ್‌ವರ್ಡನ್ನೂ ಬದಲಾಯಿಸಿ. ಓಟಿಪಿ, ಕ್ಯಾಪ್ಚಾಗಳನ್ನು ದಾಟಿಸುವ ಪ್ರಯತ್ನ ಬೇಡ. ವಿಂಡೋಸ್+ವಿ ಒತ್ತಿ ನೋಡಿ, ಕ್ಲಿಪ್‌ಬೋರ್ಡ್ ಇತಿಹಾಸ ಆನ್ ಇದ್ದರೆ ನೀವು ಕಾಪಿ ಮಾಡಿದ ಆಧಾರ್ ಸಂಖ್ಯೆಗಳೆಲ್ಲ ಅಲ್ಲಿ ಸಾಲಾಗಿ ಕೂತಿರುತ್ತವೆ, ಆಫ್ ಮಾಡಿ. ಸ್ಕ್ರಿಪ್ಟನ್ನು ಕಂಪೈಲ್ ಮಾಡಿದ, ಅಂದರೆ ತೆರೆದು ಓದಲಾಗದ ರೂಪದ ಕಡತವಾಗಿ ಇಡಬೇಡಿ. ಆಂಟಿವೈರಸ್‌ಗಳು ಅಂಥದ್ದನ್ನು ವೈರಸ್ ಎಂದು ಎಷ್ಟೋ ಸಲ ತಪ್ಪು ತಿಳಿಯುತ್ತವೆ. ಸರಳ ಪಠ್ಯವಾಗಿದ್ದರೆ ಕಂಪ್ಯೂಟರ್ ವಿಭಾಗದವರು ತೆರೆದು ಓದಿ ನೋಡಬಹುದು.

ಅನುಮತಿಯನ್ನು ಬರಹದಲ್ಲೇ ಕೇಳಿ. ಅಂಗವಿಕಲರ ಹಕ್ಕುಗಳ ಅಧಿನಿಯಮ, 2016ರ 20ನೇ ಪ್ರಕರಣದಂತೆ ಅಂಗವಿಕಲ ನೌಕರರಿಗೆ ಸೂಕ್ತ ಹೊಂದಾಣಿಕೆ ಮತ್ತು ಅಡೆತಡೆಯಿಲ್ಲದ ವಾತಾವರಣ ಒದಗಿಸುವುದು ಪ್ರತಿ ಸರ್ಕಾರಿ ಸಂಸ್ಥೆಯ ಹೊಣೆ. ಅರ್ಜಿಯಲ್ಲಿ ಆ ಪ್ರಕರಣವನ್ನು ಉಲ್ಲೇಖಿಸಿ, ಸ್ಕ್ರಿಪ್ಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ನಾಲ್ಕು ಸಾಲು ಬರೆಯಿರಿ. ‘ಸಲ್ಲಿಕೆಯ ಗುಂಡಿಯನ್ನು ನೌಕರನೇ ಒತ್ತುತ್ತಾನೆ’ ಎಂಬ ಸಾಲು ಇದ್ದರೆ ಅಧಿಕಾರಿಗಳು ಸಹಿ ಹಾಕಲು ಹಿಂಜರಿಯುವುದು ಕಡಿಮೆ. ಇದು ನಾನು ಮತ್ತೆ ಮತ್ತೆ ಕಂಡಿದ್ದು.

ಪೈಥಾನ್ ಕಲಿಯಬೇಕೇ? ಪ್ರೋಗ್ರಾಮರ್ ಆಗುವಷ್ಟು ಬೇಡ. ಬೇರೆಯವರು ಬರೆದದ್ದನ್ನು ಓದಿ ಎಲ್ಲಿ ಏನಿದೆ ಎಂದು ತಿಳಿಯುವಷ್ಟು, ಪೋರ್ಟಲ್‌ನಲ್ಲಿ ‘ಹೆಸರು’ ಹೋಗಿ ‘ಪೂರ್ಣ ಹೆಸರು’ ಬಂದಾಗ ಆ ಒಂದು ಸಾಲನ್ನು ನೀವೇ ತಿದ್ದುವಷ್ಟು ಖಂಡಿತ ಕಲಿಯಿರಿ. ಯಾವುದೋ ಊರಿನಲ್ಲಿರುವ ಗೆಳೆಯನಿಗಾಗಿ ಕಾಯುತ್ತಾ ಕೂರುವುದು ತಪ್ಪುತ್ತದೆ. ಎನ್‌ವಿಡಿಎಯ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್‌ನಲ್ಲಿ ಡೆವಲಪರ್ ಸ್ಕ್ರ್ಯಾಚ್‌ಪ್ಯಾಡ್ ಆನ್ ಮಾಡಿದರೆ ನಿಮ್ಮ ಪ್ರಯೋಗಗಳಿಗೆ ಒಂದು ಫೋಲ್ಡರ್ ಸಿಗುತ್ತದೆ. ಅಲ್ಲಿ ಕಡತ ಬದಲಿಸಿ ಎನ್‌ವಿಡಿಎ+ಕಂಟ್ರೋಲ್+ಎಫ್3 ಒತ್ತಿದರೆ ಸಾಕು, ಎನ್‌ವಿಡಿಎ ಮುಚ್ಚಿ ತೆರೆಯಬೇಕಿಲ್ಲ. ಮೊದಲ ಸ್ಕ್ರಿಪ್ಟ್ ಏನನ್ನೂ ತುಂಬದಿರಲಿ. ನೀವಿರುವ ಜಾಗದ ಹೆಸರನ್ನು ಕೇಳಿದಾಗ ಹೇಳಿದರೆ ಸಾಕು. ಅದನ್ನಿಟ್ಟುಕೊಂಡು ಪೋರ್ಟಲ್‌ನ ಪುಟವನ್ನೆಲ್ಲ ಒಂದು ಸಲ ಸುತ್ತಿ, ಯಾವ ಜಾಗಕ್ಕೆ ಯಾವ ಹೆಸರು ಬರುತ್ತದೆ ಎಂದು ಎಕ್ಸೆಲ್‌ನಲ್ಲಿ ಬರೆದುಕೊಳ್ಳಿ. ತುಂಬುವ ಸ್ಕ್ರಿಪ್ಟ್ ಬರೆಯುವವರು ಯಾರೇ ಆದರೂ ಮೊದಲು ಕೇಳುವುದು ಆ ಪಟ್ಟಿಯನ್ನೇ.